ಕಂಡಕ್ಟರಿಗೆ ನಿದ್ದೆ ಹತ್ತಿದ ಮಧ್ಯಾಹ್ನ

ಸುತ್ತಿಟ್ಟ ಹಾಸಿಗೆಯನ್ನು ಅವಳು ಮತ್ತೆ ಬಿಚ್ಚಿ ಕೊಡವಿದಳು. ದಿಂಬಿನ ಕವರಿನೊಳಗೆ ಕೈ ಹಾಕಿದಳು, ಮಂಚದ ಕೆಳಗೆ ಬಗ್ಗಿ ತಡಕಿದಳು. ನಳಿಕೆಯ ಕ್ಲಿಪ್ಪು ಸಿಗಲಿಲ್ಲ.

"ಅತ್ತಿಗೆ, ಒಂದು ಕಡೆ ಕೂತ್ಕೊಳ್ಳಿ. ಕಾಲಿಗೆ ಚಕ್ರ ಕಟ್ಟಿಕೊಂಡೋರ ಹಾಗೆ ತಿರುಗ್ತಿದ್ದೀರಿ," ಎಂದ ಮೈದುನ, ಬಾಗಿಲಲ್ಲೇ ನಿಂತು.

ಹಜಾರದಲ್ಲಿ ಗಂಡನ ದೇಹವನ್ನು ಮಲಗಿಸಿದ್ದರು. ಸುತ್ತ ಬಸ್ ಡಿಪೋದವರು. ಹಳೆಯ ಕಂಡಕ್ಟರ್ ಒಬ್ಬ ಪಕ್ಕದವನಿಗೆ ಹೇಳುತ್ತಿದ್ದ: "ಮೊದಲ ಸ್ಟಾಪಿಂದ ಕೊನೇ ಸ್ಟಾಪಿನವರೆಗೂ ಡ್ರೈವರ್ ಸೀಟು ಬಿಟ್ಟು ಏಳ್ತಿರಲಿಲ್ಲ ಕಣಯ್ಯ. ಬಸ್ಸಿಗೂ ಬ್ರೇಕು, ಉಚ್ಚೆಗೂ ಬ್ರೇಕು." ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು.

"ಆ ಮತ್ತಿನ ಔಷಧಿ ಬೇಡ ಅಂತ ಬಡ್ಕೊಂಡೆ," ಮೈದುನ ಇನ್ನೂ ಅಲ್ಲೇ ಇದ್ದ. "ಮಾರ್ಫಿನ್ ಅಂದ್ರೆ ಹುಡುಗಾಟಾನಾ?"

ಅವಳನ್ನು ತಿನ್ನುತ್ತಿದ್ದುದು ಔಷಧಿಯಲ್ಲ, ಕ್ಲಿಪ್ಪು. ಅದನ್ನು ಅವಳು ತೆಗೆದಿರಲಿಲ್ಲ.

*

ಮೂತ್ರಕೋಶದಲ್ಲಿ ಗಡ್ಡೆ. ಸೆಟೆತ ಬಂದಾಗ ಅವನು ಬಿಲ್ಲಿನಂತೆ ಬಾಗುತ್ತಿದ್ದ, ಗುಳಿಗೆಗಳು ನಾಟುತ್ತಿರಲಿಲ್ಲ. ಕೊನೆಗೆ ಮನೆಗೆ ಬರುವ ನರ್ಸಮ್ಮ, ಮಾರ್ಫಿನನ್ನು ಮೂತ್ರಕ್ಕೆ ಹಾಕಿದ್ದ ನಳಿಕೆಯಿಂದಲೇ ಒಳಗೆ ಬಿಡುವುದನ್ನು ಅವಳಿಗೆ ಕಲಿಸಿದರು. ಬಿಟ್ಟ ಮೇಲೆ ನಳಿಕೆಗೆ ಕ್ಲಿಪ್ಪು ಹಾಕಬೇಕು, ಔಷಧಿ ಅರ್ಧ ಗಂಟೆ ಒಳಗೇ ನಿಲ್ಲಲೆಂದು. ಆಮೇಲೆ ಮರೆಯದೆ ತೆಗೆಯಬೇಕು, ಇಲ್ಲದಿದ್ದರೆ ಮೂತ್ರ ಕಟ್ಟಿಕೊಳ್ಳುತ್ತದೆ.

ಆ ಅರ್ಧ ಗಂಟೆ ಅವನು ಮಲಗಿದಲ್ಲೇ ಕಣ್ಣು ಮುಚ್ಚಿ ತನ್ನ ರೂಟಿನ ಬಸ್ಸು ಓಡಿಸುತ್ತಿದ್ದ. ಕ್ಲಿಪ್ಪು ಹಾಕಿ ಅವಳು ಕಂಡಕ್ಟರಿನಂತೆ ಮಂಚವನ್ನು ಎರಡು ಸಲ ತಟ್ಟದೆ ಬಸ್ಸು ಹೊರಡುತ್ತಿರಲಿಲ್ಲ.

"ಕನ್ನಡಕದ ಅಂಗಡಿ ಬಂತು. ಕಂಡಕ್ಟರೇ, ಇಳಿಯೋರು ಇದ್ದಾರಾ?"

"ಒಬ್ಬಳು ಮುದುಕಿ. ನಿಧಾನಕ್ಕೆ ನಿಲ್ಲಿಸಿ."

"ನಿಮ್ಮಮ್ಮನಾ?"

"ನಿಮ್ಮಮ್ಮ."

ಕೊನೆಯ ಸ್ಟಾಪು ಬಂದಾಗ ಕ್ಲಿಪ್ಪು ತೆಗೆಯುವುದು.

ನಿನ್ನೆ ಮಧ್ಯಾಹ್ನ ಬಸ್ಸು ಸೇತುವೆ ದಾಟುವ ಹೊತ್ತಿಗೆ, ಕುರ್ಚಿಯಲ್ಲಿ ಕೂತಿದ್ದ ಕಂಡಕ್ಟರಿಗೆ ನಿದ್ದೆ ಹತ್ತಿತು. ಎಚ್ಚರವಾದಾಗ ಅವನ ಕೈ ತಣ್ಣಗಿತ್ತು. ಹೊದಿಕೆ ಎತ್ತಿ ನೋಡುವ ಧೈರ್ಯ ಅವಳಿಗಾಗಲಿಲ್ಲ. ನರ್ಸಮ್ಮನೇ ಬಂದು ನಳಿಕೆ ತೆಗೆದಿದ್ದರು.

*

ಇವತ್ತು ನರ್ಸಮ್ಮ ಒಳಗೆ ಕಾಲಿಟ್ಟದ್ದೇ ತಡ, ಅವಳು ಕೈ ಹಿಡಿದು ಅಡುಗೆಮನೆಗೆ ಎಳೆದೊಯ್ದಳು.

"ಕ್ಲಿಪ್ಪು ಹಾಗೇ ಇತ್ತಾ? ನಿಜ ಹೇಳಿ. ಒಳಗೆ ತುಂಬಿಕೊಂಡು, ಕೂಗಿದ್ರೂ ನನಗೆ ಕೇಳಿಸ್ಲಿಲ್ವಾ?"

"ನಳಿಕೆ ಮೇಲೆ ಕ್ಲಿಪ್ಪೇ ಇರಲಿಲ್ಲಮ್ಮ. ಚೀಲಕ್ಕೆ ಸರಾಗವಾಗಿ ಇಳಿದಿತ್ತು."

"ನಾನು ತೆಗೀಲಿಲ್ಲ."

"ಹಾಗಾದ್ರೆ ಅವರೇ ತೆಗೆದಿದ್ದಾರೆ. ಗೋಡೆ ಕಡೆಯ ಕೈ ಮುಷ್ಟಿಯಲ್ಲಿತ್ತು." ನರ್ಸಮ್ಮ ಕೋಟಿನ ಜೇಬಿನಿಂದ ಅದನ್ನು ತೆಗೆದುಕೊಟ್ಟರು. "ನಿಮ್ಮನ್ನ ಎಬ್ಬಿಸೋದು ಬೇಡ ಅಂದ್ಕೊಂಡಿರಬೇಕು. ನೋವಲ್ಲಿ ಒದ್ದಾಡೋರಿಗೆ ಅಷ್ಟು ಯೋಚನೆ ಬರಲ್ಲ."

ಮೈದುನ ಹಿಂದೆಯೇ ಬಂದು ನಿಂತಿದ್ದ. "ಮತ್ತೆ ಆ ಮಾರ್ಫಿನ್ನು?"

"ಅದು ಇದ್ದಲ್ಲೇ ಕೆಲಸ ಮಾಡೋದು, ಮೈಗೆ ಏರೋದು ಕಮ್ಮಿ. ನಿಮ್ಮಣ್ಣನ್ನ ಕರ್ಕೊಂಡು ಹೋಗಿದ್ದು ಗಡ್ಡೆ."

ಹೊರಗೆ ಶವದ ವ್ಯಾನಿನ ಎಂಜಿನ್ ಗುರುಗುಟ್ಟುತ್ತಿತ್ತು. ದೇಹ ಏರಿಸಿ, ಎಲ್ಲರೂ ಹತ್ತಿ ಕೂತರು. ಡ್ರೈವರ್ ಕನ್ನಡಿಯಲ್ಲಿ ಹಿಂದಕ್ಕೆ ನೋಡುತ್ತ ಕಾಯುತ್ತಿದ್ದ. ಹೊರಡು ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಕ್ಲಿಪ್ಪು ಹಿಡಿದ ಮುಷ್ಟಿಯಿಂದ ಅವಳು ವ್ಯಾನಿನ ತಗಡನ್ನು ಎರಡು ಸಲ ತಟ್ಟಿದಳು.