ಪದ್ಮಜಾಳ ಗಂಡ ಟೈ ಕಟ್ಟಿಕೊಂಡು ಹೋಗುವುದೆಲ್ಲಿಗೆ?

ರಮಾಗೆ ಹೊಟ್ಟೆಕಿಚ್ಚು. ಸುಳ್ಳು ಯಾಕೆ ಹೇಳಬೇಕು? ಪಕ್ಕದ ಅಪಾರ್ಟ್‌ಮೆಂಟಿನ ಪದ್ಮಜಾಳನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಅದು ೧೯೮೫. ಅಮೆರಿಕದ ಸಾಂಟಾ ಕ್ಲಾರಾದಲ್ಲಿ ಕಂಪ್ಯೂಟರ್ ಚಿಪ್ ಮಾಡುವ ಕಂಪನಿಯೊಂದು ಇಬ್ಬರ ಗಂಡಂದಿರನ್ನೂ ಒಂದೇ ಶುಕ್ರವಾರ ಕೆಲಸದಿಂದ ತೆಗೆದು ಮನೆಗೆ ಕಳಿಸಿತ್ತು. ರಮಾಳ ಗಂಡ ವ್ಯಾಸರಾಜ ಸುದ್ದಿಯನ್ನು ಊರಿನ ಉಳಿದ ಕನ್ನಡದವರಿಂದ ಮುಚ್ಚಿಟ್ಟ. ದಿನಾ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟು, ಲೈಬ್ರರಿಯಲ್ಲಿ ಕೂತು, ಸಂಜೆ ಆಫೀಸಿಂದ ಬಂದವನಂತೆ ಬರುತ್ತಿದ್ದ. ಕೊನೆಗೆ ಅಪಾರ್ಟ್‌ಮೆಂಟು ಖಾಲಿ ಮಾಡಿ ಹೆಂಡತಿ, ಮಗಳನ್ನು ಮೈಸೂರಿಗೆ ಕಳಿಸುವುದೆಂದು ತೀರ್ಮಾನಿಸಿಬಿಟ್ಟ.

ಪದ್ಮಜಾಳ ಗಂಡ ತಿರುಮಲೇಶ ಮಾತ್ರ ಟೈ ಕಟ್ಟಿಕೊಂಡು ಎಲ್ಲಿಗೋ ಹೋಗುತ್ತಿದ್ದ. ಅವಳ ಮನೆಯಲ್ಲಿ ಒಗ್ಗರಣೆಯ ಘಮ ನಿಂತಿರಲಿಲ್ಲ.

ಲಾಂಡ್ರಿ ರೂಮಿನಲ್ಲಿ ಒಮ್ಮೆ ರಮಾ ತಡೆಯಲಾರದೆ ಅಂದೇಬಿಟ್ಟಳು. "ನಿಮಗೇನ್ರೀ, ಬಡವರಿಗೆ ಸರ್ಕಾರ ಕೊಡೋ ವೆಲ್‌ಫೇರು ತಗೊಂಡು ಹಾಯಾಗಿದ್ದೀರ. ನಮಗೆ ಮಾನ ಇದೆ."

ಪದ್ಮಜಾ ಒದ್ದೆ ಬಟ್ಟೆಯನ್ನು ಡ್ರೈಯರಿಗೆ ರಪ್ಪನೆ ಎಸೆದಳು. "ವೆಲ್‌ಫೇರಲ್ಲ, ಕೆಲಸ ಹೋದವರಿಗೆ ಕೊಡೋ ಇನ್ಶೂರೆನ್ಸು! ನಮ್ಮವರು ದುಡೀವಾಗ ಕಂಪನಿಯವರು ಕಟ್ಟಿದ ದುಡ್ಡು ಅದು. ನಿಮಗೂ ಗ್ರೀನ್ ಕಾರ್ಡಿದೆ. ಆ ಸರ್ಕಾರಿ ಆಫೀಸಿಗೆ ಹೋಗಿ ಕೇಳಬಾರ್ದಾ?"

"ಇವ್ರು ಕ್ಯಾಲಿಫೋರ್ನಿಯಾಲಿ ದುಡಿದಿದ್ದು ಐದೇ ತಿಂಗಳು. ಮೊದ್ಲು ಟೆಕ್ಸಾಸಲ್ಲಿದ್ವಿ."

"ಆ ದುಡಿಮೇನೂ ಸೇರಿಸಿ ನೋಡ್ತಾರೆ ರೀ. ನೀವಾಗಿ ಹೇಳ್ಬೇಕು ಅಷ್ಟೆ. ಜೊತೆಗೆ ಕೆಲಸ ಹುಡುಕಿಕೊಡೋ ಕಡೇನೂ ಹೆಸರು ಬರೆಸ್ಬೇಕು. ಕೆಲಸ ಹುಡುಕ್ತಿದ್ರೇನೇ ಭತ್ಯೆ. ನಮ್ಮವರು ಟೈ ಕಟ್ಕೊಂಡು ಹೋಗೋದು ಅಲ್ಲಿಗೇ."

ಸಂಜೆ ಇದನ್ನೆಲ್ಲ ಕೇಳಿ ವ್ಯಾಸರಾಜ ನಕ್ಕ. "ಮೈಸೂರಿನ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿಗೆ ಅಲೆದು ಚಪ್ಪಲಿ ಸವೆಸಿದ್ದು ಸಾಲ್ದಾ? ಅವರು ಕೆಲಸಕ್ಕೆ ಕರೆಯೋ ಹೊತ್ತಿಗೆ ನಾನು ಇಲ್ಲಿಗೆ ಬಂದು ಎಂ.ಎಸ್ಸೇ ಮುಗಿಸಿದ್ದೆ. ಇನ್ನೊಂದು ಸಲ ಆ ಕ್ಯೂನಲ್ಲಿ ನಿಲ್ಲಲ್ಲ."

"ಇದು ಆ ಆಫೀಸಲ್ಲ ಕಣ್ರೀ!" ರಮಾಗೆ ಅಳು ಬಂತು. "ಆ ಪದ್ಮಜಾ ಇಲ್ಲೇ ಇರ್ತಾಳೆ, ನಾನು ಗಂಟು ಕಟ್ಟಬೇಕು. ನನಗೆ ಸಹಿಸಕ್ಕಾಗಲ್ಲ. ಟಿಕೆಟ್ ತರೋ ಮುಂಚೆ ಒಂದ್ಸಲ ಹೋಗಿ ಬನ್ನಿ."

ಹೆಂಡತಿಯ ಅಳು ನೋಡಲಾರದೆ ವ್ಯಾಸರಾಜ ಮರುದಿನವೇ ಹೋದ. ಕಳೆದುಹೋದ ವಾರಗಳ ಭತ್ಯೆ ಸಿಗಲಿಲ್ಲ. ಆದರೆ ಟೆಕ್ಸಾಸಿನ ದುಡಿಮೆ ಲೆಕ್ಕಕ್ಕೆ ಬಂತು, ಬಾಡಿಗೆಗೆ ದಾರಿಯಾಯಿತು. ಕೆಲಸ ಹುಡುಕಿಕೊಡುವ ವಿಭಾಗದವರು ಕಳಿಸಿದ ಮೂರನೆಯ ಇಂಟರ್ವ್ಯೂನಲ್ಲಿ, ಪ್ಲೆಸೆಂಟನ್ ಎಂಬ ಊರಿನಲ್ಲಿ, ಕೆಲಸವೂ ಆಯಿತು. ತಿರುಮಲೇಶ ಇನ್ನೂ ಹುಡುಕುತ್ತಿದ್ದ.

"ಕಂಗ್ರಾಜುಲೇಷನ್ಸ್" ಎಂದಳು ಪದ್ಮಜಾ. ನಗು ಸ್ವಲ್ಪ ಬಿಗಿಯಾಗಿತ್ತು. ಆ ಉರಿ ಎಂಥದೆಂದು ರಮಾಗೆ ಚೆನ್ನಾಗಿ ಗೊತ್ತು. ಪದ್ಮಜಾಳ ಕೈ ಹಿಡಿದುಕೊಂಡು ಹೇಳಿದಳು, "ನಮ್ಮವರ ಕಂಪನೀಲಿ ಇನ್ನೊಬ್ಬರು ಬೇಕಂತೆ. ನಾಳೆ ಇವ್ರು ತಿರುಮಲೇಶ್ ಅವರನ್ನೂ ಕರ್ಕೊಂಡು ಹೋಗ್ತಾರೆ."

ಅಮೆರಿಕದಲ್ಲಿದ್ದು ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಯಾರಾದರೂ ಬರೀ ನೆಪಕ್ಕೆ ಡಬ್ಬಿ ಹಿಡಿದು ಹೊರಡುತ್ತಿದ್ದಾರೆಯೇ? ಇವತ್ತೇ ಆ ಭತ್ಯೆಯ ಆಫೀಸಿಗೆ ಕಳಿಸಿ. ಭತ್ಯೆಯನ್ನೂ ಕೇಳಲಿ, ಕೆಲಸಕ್ಕೂ ಹೆಸರು ಬರೆಸಲಿ, ಬೇರೆ ರಾಜ್ಯದಲ್ಲಿ ದುಡಿದಿದ್ದರೆ ಅದನ್ನೂ ಹೇಳಲಿ. ಪಕ್ಕದ ಮನೆಯವರನ್ನು ನೋಡಿ ಹೊಟ್ಟೆ ಉರಿಯುತ್ತದೆಯೇ? ಉರಿಯಲಿ ಬಿಡಿ. ಆದರೆ ಅವರ ಬಾಗಿಲು ತಟ್ಟಿ, ಹೇಗೆ ಮಾಡಿದಿರಿ ಅಂತ ಕೇಳಿ.