ಕ್ಲಿಪ್ಪು ಹೊಡೆದ ಬಳ್ಳಿ

ಸಸಿಗೆ ಕೊಟ್ಟದ್ದು ಒಂದು ಪ್ಯಾಂಟಿನ ಜಿಪ್ ಬದಲಾಯಿಸುವ ಕೂಲಿಯಷ್ಟು. ಅದನ್ನು ಗೋಡೆಗೆ ಹತ್ತಿಸಲು ಭಾವ ತಂದ ಕ್ಲಿಪ್ಪು, ಸ್ಕ್ರೂ, ಡ್ರಿಲ್ಲಿನ ಹೊಸ ಬಿಟ್, ಇವಕ್ಕೆ ನಾನಾದರೆ ಎರಡು ವಾರ ಹೊಲಿಯಬೇಕು. ನನ್ನ ಟೈಲರ್ ಅಂಗಡಿಯಲ್ಲಿ ದಿನಾ ಗುಡಿಸಿ ಎಸೆಯುವ ಬಟ್ಟೆಯ ಅಂಚೇ ಅದನ್ನು ಕಟ್ಟಲು ಸಾಕಾಗಿತ್ತು.

ಬಳ್ಳಿ ಅಕ್ಕನದು. ಗೇಣುದ್ದದ ನೇರಳೆ ಗೊಂಚಲು ಬಿಡುವ ಜಾತಿ. ಮೊದಲ ನಾಲ್ಕೈದು ವರ್ಷ ಹೂವಿನ ಮಾತೇ ಇಲ್ಲ, ಬರೀ ಬೆಳೆಯುವುದು. ಮಳೆನೀರಿನ ಪೈಪು, ಕಿಟಕಿಯ ಸರಳು, ಪಕ್ಕದ ಮನೆಯ ಆಂಟೆನಾ, ಸಿಕ್ಕಿದ್ದನ್ನೆಲ್ಲ ಸುತ್ತಿಕೊಳ್ಳುತ್ತದೆ. ಅಕ್ಕ ವಾರಕ್ಕೊಮ್ಮೆ ಕುಡಿ ಚಿವುಟಿ ಹದ್ದುಬಸ್ತಿನಲ್ಲಿ ಇಟ್ಟಿದ್ದಳು. ಮೂರನೆಯ ವರ್ಷ ಅವಳ ಮೊಣಕಾಲು ಕೆಟ್ಟಿತು. ಬಳ್ಳಿಯ ಅಧಿಕಾರ ಭಾವನ ಕೈಗೆ ಹೋಯಿತು.

ಭಾವ ನಲವತ್ತು ವರ್ಷ ವೈರ್‌ಮನ್ ಆಗಿದ್ದವರು. ಆ ಕೆಲಸದಲ್ಲಿ ಎತ್ತಿದ ಕೈ. ನನ್ನ ಹೊಲಿಗೆ ಮೆಷಿನ್ನಿನ ಮೋಟರನ್ನು ಮೂರು ಸಲ ಪುಕ್ಕಟೆ ಸರಿಮಾಡಿಕೊಟ್ಟಿದ್ದಾರೆ, ಅದನ್ನು ಮರೆಯಲಾರೆ. ಬಳ್ಳಿಯ ವಿಷಯದಲ್ಲಿ ಮಾತ್ರ ತಿಳಿವಳಿಕೆ ಸೊನ್ನೆ, ಗತ್ತು ನೂರಕ್ಕೆ ನೂರು. ಗೋಡೆಗೆ ರಸಮಟ್ಟ ಇಟ್ಟು, ಕೂದಲೆಳೆಯಷ್ಟೂ ಓರೆಯಾಗದಂತೆ ಪೆನ್ಸಿಲ್ ಗೆರೆ ಎಳೆದರು. ಬಾಗಿಲಿನ ಪಕ್ಕದಲ್ಲಿ ನೆಟ್ಟಗೆ ಮೇಲಕ್ಕೆ, ಚೌಕಟ್ಟಿನ ಮೂಲೆಗೆ ಬಂದ ಕೂಡಲೇ ಮಡಚಿ ಅಡ್ಡಕ್ಕೆ. ಗೇಣಿಗೊಂದು ಕ್ಲಿಪ್ಪು, ಕಾಂಡಕ್ಕೆ ಕಚ್ಚಿಸಿ. ತುದಿಯಲ್ಲಿ ಒಂದು ಬಲ್ಬು ತೂಗುಹಾಕುವುದಷ್ಟೇ ಬಾಕಿ.

"ಭಾವ, ಸ್ವಲ್ಪ ಸಡಿಲ ಬಿಡಿ. ಬೆಳೆಯೋ ಮಕ್ಕಳ ಬಟ್ಟೆಗೆ ಒಳಗಡೆ ಮಡಚಿ ಹೊಲಿಯೋಲ್ವಾ, ಹಾಗೆ. ಇದು ದಪ್ಪ ಆಗುತ್ತೆ."

"ಸಡಿಲ ಬಿಟ್ರೆ ಜೋತು ಬೀಳುತ್ತೆ, ಕತ್ತರಿಯಮ್ಮ. ನಾನು ಎಳೆದ ಲೈನು ಇವತ್ತಿಗೂ ಒಂದೂ ಜೋತು ಬಿದ್ದಿಲ್ಲ."

"ವೈರು ದಪ್ಪ ಆಗಲ್ಲ, ಭಾವ."

"ನೀನು ಹೋಗಿ ಗುಂಡಿ ಹಾಕು."

ಹೋದೆ. ಗುಂಡಿಗಾದರೂ ಹೇಳಿದ ಮಾತು ತಿಳಿಯುತ್ತದೆ.

ಐದನೆಯ ವರ್ಷ ಮೊಗ್ಗು ಬಂತು. ಅಕ್ಕ ಕುರ್ಚಿಯನ್ನು ಅಂಗಳಕ್ಕೆ ಹಾಕಿಸಿಕೊಂಡು ದಿನವೂ ಎಣಿಸತೊಡಗಿದಳು. "ಮೂವತ್ತೊಂದು ಕಣೇ! ಕಾಲು ಹೋದ್ರೆ ಹೋಗ್ಲಿ, ಕಣ್ಣು ಇದ್ಯಲ್ಲ. ಒಂದು ಸಲ ಅರಳಿದ್ದು ನೋಡಿಬಿಟ್ರೆ ಸಾಕು." ಅವಳಿಗೆ ಎಪ್ಪತ್ತೆರಡು.

ಅದೇ ವಾರ ಮೂಲೆಯಿಂದಾಚೆಯ ಎಲೆಗಳು ಹಳದಿಯಾದವು.

"ಸಪ್ಲೈ ಕಮ್ಮಿ," ಎಂದರು ಭಾವ. ಎರಡು ಬಕೆಟ್ ನೀರು, ಒಂದು ಹಿಡಿ ಯೂರಿಯಾ. ಹಳದಿ ಹೆಚ್ಚಾಯಿತು. ಯೂರಿಯಾ ಎರಡು ಹಿಡಿಯಾಯಿತು.

ನಾನು ಏಣಿ ಹತ್ತಿ ನೋಡಿದೆ. ಊದಿದ ಬೆರಳಿನಲ್ಲಿ ಉಂಗುರ ಹೂತಂತೆ ಕ್ಲಿಪ್ಪುಗಳು ಕಾಂಡದೊಳಗೆ ಹೂತಿದ್ದವು. "ನಾಳೆ ಅಂಗಡಿಗೆ ರಜೆ. ಬಂದು ಒಂದೊಂದೇ ಬಿಚ್ತೀನಿ. ಅಲ್ಲೀವರೆಗೆ ಯಾರೂ ಕೈ ಹಚ್ಚಬೇಡಿ," ಎಂದೆ. ಭಾವನ ಮುಖ ಗಂಟಾಯಿತು. ಅವರ ಲೈನಿನಲ್ಲಿ ಟೈಲರಮ್ಮ ತಪ್ಪು ಹುಡುಕುವುದೇ!

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವರು ಏಣಿಯ ಮೇಲಿದ್ದರು. ಕೈಯಲ್ಲಿ ಕಟ್ಟರ್.

"ಬೇಡ ಅಂದ್ರೂ ಕೇಳ್ತಿಲ್ಲ ಕಣೇ," ಎಂದಳು ಅಕ್ಕ.

"ಉದ್ದ ಲೈನಲ್ಲಿ ಫಾಲ್ಟ್ ಹುಡುಕೋದು ಹೀಗೇ," ಎಂದರು ಭಾವ ಮೇಲಿನಿಂದ. "ನಡೂಮಧ್ಯೆ ಕಟ್ ಮಾಡಬೇಕು. ಯಾವ ಅರ್ಧದಲ್ಲಿ ತೊಂದ್ರೆ ಅಂತ ತಕ್ಷಣ ಗೊತ್ತಾಗುತ್ತೆ. ನೋಡಿಲ್ಲಿ!"

ಆಗಲೇ ಕತ್ತರಿಸಿಯಾಗಿತ್ತು. ನನ್ನ ಮಣಿಕಟ್ಟಿನಷ್ಟು ದಪ್ಪದ ಕಾಂಡ. ಕೆಳಗಿನ ತುಂಡಿನ ತುದಿಯಿಂದ ರಸ ತೊಟ್ಟಿಕ್ಕುತ್ತಿತ್ತು.

"ಇಲ್ಲೀವರೆಗೆ ಸಪ್ಲೈ ಇದೆ!" ಎಂದರು. ಗೆದ್ದವರ ದನಿ.

"ಇನ್ನು ಆ ಕಡೆಗೆ, ಭಾವ?"

"ಆ ಕಡೆ ಚೆಕ್ ಮಾಡಿ ಜಾಯಿಂಟ್ ಹಾಕ್ತೀನಿ." ಅಂಗಿಯ ಜೇಬಿನಿಂದ ಕರಿ ಟೇಪಿನ ಸುರುಳಿ ತೆಗೆದರು.

ಅಕ್ಕ ಕುರ್ಚಿಯಿಂದ ಏಳಲು ಹೋಗಿ ಆಗದೆ ಕುಳಿತಳು. "ಇಳೀರಿ," ಎಂದಳು. "ಆ ಕಟ್ಟರ್ ಅವಳ ಕೈಗೆ ಕೊಟ್ಟು ಇಳೀರಿ. ಇನ್ನು ಅದನ್ನ ಮುಟ್ಟಬೇಡಿ."

ಅವಳು ಗಂಡನಿಗೆ ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಭಾವ ಇಳಿದರು. ಆದರೂ ಟೇಪು ಸುತ್ತಿಯೇ ಇಳಿದರು.

ಮೂರನೆಯ ದಿನಕ್ಕೆ ಮೇಲಿನದೆಲ್ಲ ಬಾಡಿತು. ಅಲ್ಲಿನ ಮೊಗ್ಗುಗಳು ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿ ಅಕ್ಕನ ಕಾಲಬಳಿ ಉದುರಿದವು. ನಾನು ಮಧ್ಯಾಹ್ನದವರೆಗೆ ಕ್ಲಿಪ್ಪು ಬಿಚ್ಚಿದೆ. ಏಣಿ ಹಿಡಿದುಕೊಂಡಿದ್ದ ಭಾವ ಮೆಲ್ಲಗೆ, "ಟೇಪು ಹಳೇದು, ಕತ್ತರಿಯಮ್ಮ. ಅದಕ್ಕೇ ಹಿಡೀಲಿಲ್ಲ," ಎಂದರು.

"ಹೂಂ, ಭಾವ. ಟೇಪಿಂದೇ ತಪ್ಪು," ಎಂದೆ. ನಲವತ್ತು ವರ್ಷದ ಕಸುಬನ್ನು ಒಂದು ಏಣಿಯ ಕೆಳಗೆ ಕಸಿದುಕೊಳ್ಳಲು ಮನಸ್ಸಾಗಲಿಲ್ಲ.

ಬುಡ ಉಳಿಯಿತು. ಅದಕ್ಕೆ ಬಟ್ಟೆಯ ಅಂಚಿನಿಂದ ಸಡಿಲವಾಗಿ ಕಟ್ಟಿದ್ದೇನೆ, ಹೊಸ ಕುಡಿ ಒಡೆದಿದೆ. ಮೂವತ್ತೊಂದು ಮೊಗ್ಗಿನಲ್ಲಿ ಅರಳಿದ್ದು ಬುಡದ ಹತ್ತಿರದ ಎರಡು. ಮತ್ತೆ ಬಾಗಿಲ ಮೇಲೆ ಹೂ ಬಿಡಲು ಇನ್ನೂ ನಾಲ್ಕು ವರ್ಷವಾದರೂ ಬೇಕು.