ಮೊದಲ ಎಲೆ

ಜಹಾಂಗೀರ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಕೆಲಸದವನು. ಇಸ್ಪೀಟ್ ಎಲೆಗಳ ಜಾದೂ ಅವನ ಹುಚ್ಚು. ಇಪ್ಪತ್ತು ವರ್ಷಗಳಿಂದ ಚಹಾದಂಗಡಿಯ ಕಟ್ಟೆಯ ಮೇಲೋ ಮದುವೆ ಮನೆಯ ಮೂಲೆಯಲ್ಲೋ ಎಂಟು ಹತ್ತು ಜನರ ನಡುವೆ ಕೂತು ತೋರಿಸುತ್ತಿದ್ದ. ನೋಡುವವರ ಮೂಗಿನ ಕೆಳಗೇ ಎಲೆ ಮಾಯವಾಗಬೇಕು, ಅವರು ಮಕ್ಕಳಂತೆ ನಗಬೇಕು. ಅಷ್ಟಾದರೆ ಅವನಿಗೆ ಸಾಕಿತ್ತು.

ಹಾಗಾಗಿ ಮುಂಡರಗಿ ಕಡೆಯ ಹೈಸ್ಕೂಲೊಂದರಲ್ಲಿ ಮಾಸ್ತರನಾಗಿದ್ದ ಗೆಳೆಯ ಉಡಚಪ್ಪ ಬಂದು, "ಈ ಸಲ ನಮ್ಮ ಸಾಲಿ ಗ್ಯಾದರಿಂಗಿಗೆ ನಿಂದ ಜಾದೂ ಇಡೂಣು" ಎಂದಾಗ ಅವನಿಗೆ ಅಂಜಿಕೆಯಾಯಿತು.

"ಎಷ್ಟ ಮಂದಿ ಇರ್ತಾರ?"

"ಹುಡುಗ್ರು, ಅವರ ಅವ್ವ-ಅಪ್ಪ ಎಲ್ಲಾ ಸೇರಿ ಎಂಟನೂರು."

"ಹಿಂದ ಕುಂತಾವರಿಗೆ ನನ್ನ ಎಲಿ ಇರಬಿ ಕಂಡಂಗ ಕಾಣ್ತಾವಲೇ."

"ದೊಡ್ಡವು ಮಾಡ್ಕೋ. ಪ್ರೆಸ್ಸಿನ್ಯಾಗ ರಟ್ಟಿಗೇನ್ ಬರ ಬಂದೈತೇನ?"

ಒಂದು ತಿಂಗಳು ಕೆಲಸ ಮುಗಿದ ಮೇಲೆ ಕೂತು ಜಹಾಂಗೀರ ಒಂದೂವರೆ ಗೇಣುದ್ದದ ಎಲೆಗಳ ಎರಡು ಕಟ್ಟು ಮಾಡಿಕೊಂಡ. ಒಂದರಲ್ಲಿ ಎಲ್ಲ ಎಲೆಗಳೂ ಬೇರೆ ಬೇರೆ. ಇನ್ನೊಂದರಲ್ಲಿ ಮೊದಲಿನಿಂದ ಕೊನೆಯವರೆಗೆ ಆಟೀನ್ ರಾಣಿಯೊಬ್ಬಳೇ. ಕಡೆಯ ಆಟಕ್ಕೆ ಅದು ಬೇಕಾಗಿತ್ತು. ಯಾರು ಯಾವ ಎಲೆ ಎಳೆದರೂ ಅವನು ಮೊದಲೇ ಹಲಗೆಯ ಮೇಲೆ ಬರೆದಿಟ್ಟ ಎಲೆಯೇ ಬರುತ್ತದೆ.

ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ, ಮಧ್ಯಾಹ್ನ ಮೂರಕ್ಕೆ ಶುರುವಾಯಿತು. ಮೊದಲ ಅರ್ಧ ಗಂಟೆ ಅವನು ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು. ಕೈಯಲ್ಲಿದ್ದ ಇಸ್ಪೀಟ್ ಎಕ್ಕ ಮುದುಕಿಯೊಬ್ಬಳ ಸೆರಗಿನ ಕೆಳಗೆ ಸಿಕ್ಕಿದಾಗ ಪೆಂಡಾಲಿನ ಕಡೆಯ ಸಾಲಿನವರೂ ಎದ್ದು ನಿಂತು ಸಿಳ್ಳೆ ಹೊಡೆದರು. ನಡುವೆ ಹುಡುಗಿಯರ ಡ್ಯಾನ್ಸ್ ಇತ್ತು. ಜಹಾಂಗೀರ ಬೆವರೊರೆಸಿಕೊಳ್ಳುತ್ತ ಪರದೆಯ ಹಿಂದೆ ಬಂದ.

ಹೆಡ್ ಮಾಸ್ತರ ಸಿದ್ದಲಿಂಗೇಶ ಅಲ್ಲಿ ಮಿರ್ಚಿ ತಿನ್ನುತ್ತ ನಿಂತಿದ್ದ. ಉಡಚಪ್ಪ ಪಕ್ಕದಲ್ಲಿದ್ದ. ಹೆಡ್ ಮಾಸ್ತರ ಎಣ್ಣೆಗೈಯನ್ನು ಪರದೆಗೆ ಒರೆಸಿ, ಅದೇ ಕೈಯನ್ನು ಜಹಾಂಗೀರನ ಹೆಗಲ ಮೇಲಿಟ್ಟ.

"ನಿಮ್ಮಿಂದ ಒಂದ ಕೆಲಸಾ ಆಗಬೇಕ್ರಿ. ನಮ್ಮ ಸಂಸ್ಥಾದ ಅಧ್ಯಕ್ಷರ ಫೋನ್ ಸ್ಟಾಫ್ ರೂಮಿನ್ಯಾಗ ಕಳದೈತಿ. ಅಲ್ಲೆ ಚಹಾ ಕೊಡಾಕ ಬಂದಾವರು ಐದ ಹುಡುಗ್ಯಾರು. ಐದೂ ಮಂದಿನ್ನ ಸ್ಟೇಜಿಗೆ ಕರಿತೀನಿ. ಹಲಗಿ ಮ್ಯಾಲೆ ಬರದೀರಲ್ಲ, ಆ ಆಟೀನ್ ರಾಣಿ ಕಳ್ಳರ ಕೈಗೆ ಬರ್ತಾಳ ಅಂತ ಹೇಳ್ರಿ. ಬಿಸಿಯೂಟದ ತಿಪ್ಪವ್ವನ ಮಗಳು ಮಮತಾ ಅಂತ ಅದಾಳ. ಅಕಿ ಕೈಗೆ ಬರೂವಂಗ ಮಾಡ್ರಿ. ಅಂಜಿ ಒಪ್ಗೊತಾಳ."

"ಅಕಿ ತಗೊಂಡಿದ್ದು ಯಾರ್ ನೋಡ್ಯಾರ್ರಿ?"

"ನೋಡೂದೇನೈತಿ? ಉಳಿದ ನಾಕೂ ಛಲೋ ಮನಿ ಹುಡುಗ್ಯಾರು."

"ಸರ, ಇದು ಬರೇ ಕೈಚಳಕ. ರಟ್ಟಿನ ಎಲಿಗೆ ಕಳ್ಳರು ಯಾರಂತ ಏನ್ ಗೊತ್ತಿರತೈತಿ?"

"ಅದು ನನಗೂ ಗೊತ್ತೈತ್ರಿ. ಮಂದಿಗೆ ಗೊತ್ತಿಲ್ಲಲ್ಲ." ಹೆಡ್ ಮಾಸ್ತರ ನಕ್ಕ. ಹಲ್ಲಿನ ಸಂದಿಯಲ್ಲಿ ಮೆಣಸಿನಕಾಯಿಯ ಹಸಿರು ಸಿಪ್ಪೆ ಅಂಟಿತ್ತು.

ಜಹಾಂಗೀರ ಹೆಗಲ ಮೇಲಿನ ಆ ಎಣ್ಣೆಗೈಯನ್ನು ಸರಿಸಿದ. "ಇದು ನನ್ನ ಕಡಿಂದ ಆಗಂಗಿಲ್ಲ" ಎಂದು ಉಡಚಪ್ಪನ ಮುಖ ನೋಡಿದ. ಉಡಚಪ್ಪ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

ಆಗಂಗಿಲ್ಲ ಎಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಡ್ಯಾನ್ಸ್ ಮುಗಿಯುತ್ತಲೇ ಹೆಡ್ ಮಾಸ್ತರ ಮೈಕಿನಲ್ಲಿ ಫೋನು ಕಳೆದ ಸುದ್ದಿ ಹೇಳಿ, ಜಾದೂಗಾರರ ಎಲೆ ಈಗ ಕಳ್ಳರನ್ನು ಹಿಡಿಯುತ್ತದೆ, ಆಟೀನ್ ರಾಣಿ ಅವರ ಕೈಗೇ ಬರುತ್ತಾಳೆ ಎಂದು ಸಾರಿ, ಐದು ಹೆಸರು ಕೂಗಿದ. ಮಮತಾಳನ್ನು ರಟ್ಟೆ ಹಿಡಿದು ಸಾಲಿನ ಮೊದಲಿಗೆ ತಾನೇ ನಿಲ್ಲಿಸಿದ. ಹದಿನಾಲ್ಕು ವರ್ಷದ ಹುಡುಗಿ. ಸಮವಸ್ತ್ರದ ತೋಳಿನ ಮೇಲೆ ಚಹಾ ಚೆಲ್ಲಿದ ಕಲೆ ಇನ್ನೂ ಆರಿರಲಿಲ್ಲ.

ಜಹಾಂಗೀರ ಪೆಂಡಾಲಿನ ಕಡೆ ನೋಡಿದ. ಈಗಷ್ಟೇ ಮಕ್ಕಳಂತೆ ನಕ್ಕಿದ್ದ ಮುಖಗಳು ಬಾಯಿ ಅರೆತೆರೆದು ಮುಂದಕ್ಕೆ ಬಾಗಿದ್ದವು. ಮೊಬೈಲುಗಳು ಮೇಲೆದ್ದಿದ್ದವು. ಒಬ್ಬಳು ತನ್ನ ಕೂಸಿಗೂ ಕಾಣಲೆಂದು ಅದನ್ನು ಎತ್ತಿ ಹಿಡಿದಿದ್ದಳು. ಎಂಜಲೆಲೆಯ ಮುಂದೆ ನಾಯಿಗಳು ಕಾದು ಕೂತ ಹಾಗಿತ್ತು. ಇಳಿದು ಹೋಗಿಬಿಡಬೇಕೆನಿಸಿತು. ಆದರೆ ತಾನು ಹೋದರೆ ಹೆಡ್ ಮಾಸ್ತರ ಬೇರೆ ದಾರಿ ಹುಡುಕುತ್ತಾನೆ. ಆಗ ಅವನಿಗೆ ರಾಣಿಯರ ಕಟ್ಟು ನೆನಪಾಯಿತು.

ಅದನ್ನೇ ಕೈಗೆತ್ತಿಕೊಂಡ. ಮೊದಲ ಎಲೆಯನ್ನು ಮಮತಾಳಿಗೆ ಕೊಟ್ಟು, ತಿರುಗಿಸಿ ಎಲ್ಲರಿಗೂ ತೋರಿಸು ಎಂದ. ಅವಳು ತಿರುಗಿಸಿದಳು. ಆಟೀನ್ ರಾಣಿ.

"ಹೋ" ಎಂದಿತು ಪೆಂಡಾಲು.

ಇಪ್ಪತ್ತು ವರ್ಷದ ರೂಢಿ. ಎಲೆ ತೋರಿಸಿದ ಮೇಲೆ ಮಂದಿಯ ಉಸಿರು ಮೇಲೇರುವ ತನಕ ತಡೆಯಬೇಕು. ಜಹಾಂಗೀರ ತಡೆದ. "ನಾ ಹೇಳಿದ್ನಿಲ್ಲ, ಅಡಿಗ್ಯಾಕಿ ಮಗಳ ಇರಬೇಕಂತ!" ಎಂದು ಯಾರೋ ಹೆಂಗಸು ಕೂಗಿದ್ದು ಕೇಳಿಸಿತು. ಆಮೇಲೆ ಅವನು ಎರಡನೆಯ ಹುಡುಗಿಗೆ ಎಲೆ ಕೊಟ್ಟ. ಅವಳದ್ದೂ ರಾಣಿ. ಮೂರನೆಯವಳದ್ದೂ, ನಾಲ್ಕನೆಯವಳದ್ದೂ, ಐದನೆಯವಳದ್ದೂ. ಇನ್ನೊಂದು ಎಲೆ ಎಳೆದು ಹೆಡ್ ಮಾಸ್ತರನ ಕೈಗಿಟ್ಟ. ಅದೂ ರಾಣಿ. ಕೊನೆಗೆ ಇಡೀ ಕಟ್ಟನ್ನು ಬೀಸಣಿಗೆಯಂತೆ ಬಿಡಿಸಿ ಮಂದಿಯ ಕಡೆ ತಿರುಗಿಸಿದ.

"ನೋಡ್ರಿ, ಎಲ್ಲಾ ಒಂದ ಅದಾವು. ನಾನ ಪ್ರೆಸ್ಸಿನ್ಯಾಗ ಮಾಡೀನಿ. ಇವಕ್ಕ ಕಳ್ಳರೂ ಗೊತ್ತಿಲ್ಲ, ಸಾವಕಾರರೂ ಗೊತ್ತಿಲ್ಲ."

ಮುಂದಕ್ಕೆ ಬಾಗಿದ್ದ ಮುಖಗಳು ಹಿಂದಕ್ಕೆ ಸರಿದವು. ಆಮೇಲೆ ಹಿಂದಿನಿಂದ ಯಾರೋ "ಮೋಸ!" ಎಂದರು. ನಗು, ಸಿಳ್ಳೆ, "ಮೋಸ, ಮೋಸ!" ಕಳ್ಳಿ ಸಿಗಲಿಲ್ಲವೆಂಬ ಸಿಟ್ಟನ್ನೆಲ್ಲ ಅವನ ಮೇಲೆ ತೀರಿಸಿಕೊಂಡರು.

ಆ ಗದ್ದಲದಲ್ಲೇ ಅಧ್ಯಕ್ಷರ ಡ್ರೈವರ್ ಓಡುತ್ತ ಬಂದ. ಫೋನು ಕಾರಿನ ಹಿಂದಿನ ಸೀಟಿನಲ್ಲಿ ಬಿದ್ದಿತ್ತಂತೆ. ಹೆಡ್ ಮಾಸ್ತರ ಮೈಕ್ ಕಸಿದುಕೊಂಡು, "ಫೋನ್ ಸಿಕ್ಕೈತಿ, ಎಲ್ಲಾರೂ ಜೋರಾಗಿ ಚಪ್ಪಾಳಿ ಹೊಡೀರಿ!" ಎಂದ. ಎಂಟುನೂರು ಜನ ಹೊಡೆದರು. ಐದು ಹುಡುಗಿಯರು ಎಲೆ ಹಿಡಿದುಕೊಂಡೇ ನಿಂತಿದ್ದರು. ಇಳಿಯಿರಿ ಎಂದು ಕೂಡ ಯಾರೂ ಅವರಿಗೆ ಹೇಳಲಿಲ್ಲ.

"ಸರ, ಆ ಹುಡುಗಿದ ತಪ್ಪಿಲ್ಲಂತ ಮೈಕಿನ್ಯಾಗ ಹೇಳ್ರಿ" ಎಂದ ಜಹಾಂಗೀರ.

"ಸಿಕ್ತಲ್ರಿ. ಇನ್ಯಾಕ?"

ಜಹಾಂಗೀರ ತಾನೇ ಮೈಕ್ ಹಿಡಿದ. ಮಮತಾ ಎಂಬ ಹೆಸರು ಬಾಯಿಂದ ಬರುವಷ್ಟರಲ್ಲಿ ಹೆಡ್ ಮಾಸ್ತರ ಕೈಸನ್ನೆ ಮಾಡಿದ. ಮೈಕ್ ಬಂದ್ ಆಯಿತು, ಹಾಡು ಶುರುವಾಯಿತು. ಜಹಾಂಗೀರ ಗಂಟಲು ಹರಿಯುವಂತೆ ಕೂಗಿದ. ಮುಂದಿನ ಎರಡು ಸಾಲಿಗೆ ಕೇಳಿಸಿರಬೇಕು. ಅಲ್ಲಿ ಕೂತಿದ್ದವರು ಅಧ್ಯಕ್ಷರು ಮತ್ತು ಅವರ ಮನೆಯವರು.

ತನಗೆ ಹೊದಿಸಲು ತಂದ ಸನ್ಮಾನದ ಶಾಲನ್ನು ಕುರ್ಚಿಯ ಮೇಲೆ ಎಸೆದು, ಉಡಚಪ್ಪನ ಬೈಕನ್ನೂ ಬೇಡವೆಂದು, ಅವನು ಬಸ್ ಸ್ಟ್ಯಾಂಡಿಗೆ ನಡೆದ. ಬಾಯೆಲ್ಲ ಹುಳಿಯಾಗಿತ್ತು. ಎರಡು ಸಲ ರಸ್ತೆಯ ಬದಿಗೆ ಉಗುಳಿದ. ಹಿಂದಿನಿಂದ ತಿಪ್ಪವ್ವ ಮಗಳನ್ನು ಕರೆದುಕೊಂಡು ಬಂದಳು.

"ಅಣ್ಣಾರ, ನಿಮ್ಮಿಂದ ನನ್ನ ಮಗಳ ಮಾನ ಉಳೀತ್ರಿ" ಎಂದು ಕೈಮುಗಿದಳು.

ಮಮತಾ ಕೈಮುಗಿಯಲಿಲ್ಲ. ಅತ್ತು ಕೆಂಪಾದ ಕಣ್ಣಿಂದ ಅವನನ್ನೇ ನೋಡಿದಳು. ಪರದೆಯ ಹಿಂದೆ ಅವನು ಹೆಡ್ ಮಾಸ್ತರನನ್ನು ಹೇಸಿಗೆಯಿಂದ ನೋಡಿದ್ದು ಹೀಗೆಯೇ.

"ಮೊದಲನೇ ಎಲಿ ನನಗ ಯಾಕ ಕೊಟ್ರಿ ಸರ? ಎಲ್ಲಾ ಕಟ್ಟ ಮೊದಲ ತೋರಿಸಿದ್ರ ಆಗ್ತಿತ್ತಲ್ಲ? ಅಷ್ಟೊತ್ತು ಸುಮ್ನ ಯಾಕ ನಿಂತ್ರಿ?"

"ಸುಮ್ನಿರ್ಲೇ" ಎಂದು ತಿಪ್ಪವ್ವ ಗದರಿಸಿದಳು.

ಜಹಾಂಗೀರ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಮಂದಿ ಉಸುರು ಹಿಡೀಲಿ ಅಂತ ನಿಂತ್ನೆವ್ವಾ. ಅದು ನನ್ನ ಹಾಳ ಚಟ. ನಂದೂ ತಪ್ಪೈತಿ."

ಹುಡುಗಿ ಅವ್ವನ ಆಚೆ ಬದಿಗೆ ಸರಿದು ನಿಂತಳು. ಬಸ್ಸಿನಲ್ಲಿ ಕೂತ ಮೇಲೆ ಜಹಾಂಗೀರನಿಗೆ ಹೆಡ್ ಮಾಸ್ತರನ ಮೇಲಿನ ಹೇಸಿಗೆ ಎಲ್ಲಿ ಮುಗಿದು ತನ್ನ ಮೇಲಿನ ಹೇಸಿಗೆ ಎಲ್ಲಿ ಶುರುವಾಗುತ್ತದೆಂದು ತಿಳಿಯಲಿಲ್ಲ.

ಎಂಟು ದಿನ ಬಿಟ್ಟು ಉಡಚಪ್ಪ ಫೋನ್ ಮಾಡಿದ. ಮಮತಾ ಸಾಲಿಗೆ ಬರುತ್ತಾಳೆ, ಆದರೆ ಯಾರ ಜೋಡಿಯೂ ಮಾತಾಡುವುದಿಲ್ಲ ಎಂದ. ಆಮೇಲೆ ದನಿ ಸಡಿಲಿಸಿ, "ಮಂದಿ ಈಗ್ಲೂ ನಿನ್ನ ಸುದ್ದೀನ ಮಾತಾಡ್ತಾರ. ಮುಂದಿನ ವರ್ಷಾನೂ ಕರೀಬೇಕಂತ ಹೆಡ್ ಮಾಸ್ತರ ಅನ್ನಾಕತ್ತಾನ" ಎಂದ.

"ಆ ಹುಡುಗಿ ಹೆಸರ ಹೇಳಿ, ಎಂಟನೂರು ಮಂದಿ ಮುಂದ ತಪ್ಪಾತು ಅನ್ನಾಕ ಹೇಳು ಅವಂಗ. ಬರ್ತೀನಿ."

"ಅದು ಆಗೂ ಮಾತಲ್ಲ ಬಿಡಲೇ."

"ನೀ ಒಮ್ಮೆರ ಹೇಳಿ ನೋಡೀಯೇನ್ ಅವಂಗ?"

ಉಡಚಪ್ಪ ಮಳೆ-ಬೆಳೆಯ ಸುದ್ದಿ ತೆಗೆದ.

"ಹೇಳಿದ ದಿನ ಫೋನ್ ಮಾಡು" ಎಂದು ಜಹಾಂಗೀರ ಕರೆ ಕತ್ತರಿಸಿದ. ಉಡಚಪ್ಪನಿಂದ ಇನ್ನೂ ಫೋನ್ ಬಂದಿಲ್ಲ.